ಪಾರವ್ವನ ದೃಷ್ಟಿಯಷ್ಟು ದೊಡ್ಡ ಬೊಟ್ಟು

ನಗುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ಇದು ಅಡಿವೆಪ್ಪನ ಕತೆ. ಇಲ್ಲಿಯವರು ನೀವು ಅಂಥವನನ್ನು ಪೆದ್ದ ಅನ್ನುತ್ತೀರಿ. ನಮ್ಮ ಬಾಗಲಕೋಟೆ ಕಡೆ ಹುಚ್ಚಪ್ಯಾಲಿ ಅನ್ನುತ್ತಾರೆ. ಯಾವ ಹೆಸರಿಟ್ಟರೂ ಅಡಿವೆಪ್ಪನಿಗೆ ಅದು ಸಣ್ಣದೇ.

ಖಣದ ಬಟ್ಟೆ ನೇಯುವ ಒಂದು ಊರು. ಅಲ್ಲಿ ನಿಂಬೆವ್ವ ಅಂತ ಒಬ್ಬಳು. ಗಂಡ ಇಲ್ಲ, ಇರುವವನು ಈ ಒಬ್ಬ ಮಗ. ಊರಿನ ಹೆಂಗಸರ ಸಂಘದವರು ಒಂದು ಹೊಲಿಗೆ ಮಿಷಿನ್ನು, ಒಂದು ಕಂಪ್ಯೂಟರು, ಒಂದು ಪ್ರಿಂಟರು ತಂದು ಅವಳ ಮನೆಯಲ್ಲಿ ಇಟ್ಟಿದ್ದರು. ಕುಪ್ಪಸಕ್ಕೆ ಹೊಲಿದು ಉಳಿದ ಖಣದ ತುಂಡುಗಳಲ್ಲಿ ಗೊಂಬೆ ಮಾಡುವ ಕೆಲಸ. ಆನೆ, ಬೆಕ್ಕು, ಬಸವ, ಮೊಲ, ಎಲ್ಲಾ ಹತ್ತಿ ತುಂಬಿದವು. ಗೊಂಬೆಯ ಪ್ಯಾಟರ್ನು ಕಂಪ್ಯೂಟರಿನಲ್ಲಿ ಇರುತ್ತಿತ್ತು: ಮೈ ಒಂದು ಗೆರೆ, ಕಿವಿ ಒಂದು ಗೆರೆ, ಬಾಲ ಒಂದು ಗೆರೆ. ಬರೀ ಗೆರೆ. ಅದಕ್ಕೆ ಕಣ್ಣು, ಹುಬ್ಬು, ಗೆಜ್ಜೆ, ಬೆನ್ನಿಗೆ ಹೊದಿಸುವ ಜೂಲು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಸೇರಿಸಿ, ಕಾಗದಕ್ಕೆ ತೆಗೆದು, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಿ, ಗುರುತು ಇದ್ದಲ್ಲಿ ದಾರ ಹಾಕಿ ಹೊಲಿಯಬೇಕು.

ಹೊಲಿಗೆಯಲ್ಲಿ ನಿಂಬೆವ್ವನನ್ನು ಮೀರಿಸುವವರಿಲ್ಲ. ಆದರೆ ಆ ಪರದೆಯ ಬೆಳಕು ನೋಡಿದರೆ ಅವಳ ಕಣ್ಣಿನಲ್ಲಿ ದಳದಳ ನೀರು. ಹಾಗಾಗಿ ಕಂಪ್ಯೂಟರಿನ ಮುಂದೆ ಅಡಿವೆಪ್ಪ ಕೂರಬೇಕಾಯಿತು. ಅವನು ಪ್ಯಾಟಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದವನು. ತೆರೆಯುವುದು ಗೊತ್ತು, ಮುಚ್ಚುವುದು ಗೊತ್ತು. ನಡುವೆ ಏನು ಮಾಡಬೇಕು ಅನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಎದುರುಮನೆಯ ಪಾರವ್ವನಿಗೆ ಆ ಮಿಷಿನ್ನಿನ ಮೇಲೆಯೇ ಕಣ್ಣು. ಅವಳ ಸೊಸೆ ಕಂಪ್ಯೂಟರಿನಲ್ಲಿ ಜಾಣೆ. ಸಂಘದ ಹಿರಿಯಳು ದಾನಮ್ಮಕ್ಕ ಮೊದಲೇ ಹೇಳಿಬಿಟ್ಟಿದ್ದಳು:

"ನಿಂಬೆವ್ವಾ, ಗೊಂಬಿ ಚಂದ ಬಂದ್ರ ಮಿಷಿನ್ ನಿನ್ನ ಮನ್ಯಾಗ. ಕೆಟ್ಟು ಹೋದ್ರ ಪಾರವ್ವನ ಮನಿಗೆ. ಆಮ್ಯಾಲ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ."

ಮಿಷಿನ್ನು ಹೋದರೆ ನಿಂಬೆವ್ವನ ಒಲೆಯೂ ತಣ್ಣಗಾದಂತೆಯೇ. ಅವಳು ಮಗನನ್ನು ಕರೆದಳು.

"ಅಡಿವೆಪ್ಪಾ!"

"ಏನಬೇ ಯವ್ವಾ?"

"ಆನಿಗೆ ಕಣ್ಣಿಲ್ಲ ನೋಡು. ಎರಡು ಕಣ್ಣು ಹಚ್ಚು."

"ಹಚ್ತೀನಿ."

ಹಚ್ಚಿದ. ಹೇಗೆ ಹಚ್ಚಿದ ಕೇಳಿ. ಅವ್ವನ ಡಬ್ಬಿಯಿಂದ ಎರಡು ಕರಿ ಗುಂಡಿ ತೆಗೆದ, ಗೋಂದು ಬಳಿದ, ಕಂಪ್ಯೂಟರಿನ ಗಾಜಿಗೆ ಪಟ್ ಪಟ್ ಅಂತ ಅಂಟಿಸಿದ. ಆನೆಗೆ ಕಣ್ಣು ಬಂತು! ಆನೆ ಮುಚ್ಚಿ ಮೊಲ ತೆಗೆದರೆ ಮೊಲದ ಹೊಟ್ಟೆಗೆ ಕಣ್ಣು! ಸಂಜೆ ದಾನಮ್ಮಕ್ಕ ಬಂದು ಸಂಘದವರ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆಸಿ ನೋಡಿದರೆ, ಒಂದು ಗುಂಡಿ ಅವಳ ಮೂಗಿನ ಮೇಲೆ, ಇನ್ನೊಂದು ಅವಳ ಹಲ್ಲಿನ ಮೇಲೆ!

"ನಿಂಬೆವ್ವಾ, ಏನಿದು?"

"ಲೇ ಖೋಡಿ!" ಅಂದಳು ನಿಂಬೆವ್ವ. "ಗಾಜಿನ ಮ್ಯಾಲೆ ಹಚ್ತಾರೇನೋ? ಒಳಗ ಹಚ್ಚಬೇಕು, ಒಳಗ! ಆನಿ ಚಿತ್ರದಾಗ ಎರಡು ಕಣ್ಣು!"

"ಮೊದಲ ಹೇಳಬಾರದೇನಬೇ? ಇನ್ನ ಒಳಗ ಹಚ್ತೀನಿ."

ಮರುದಿನ ಒಳಗೆ ಹಚ್ಚಿದ. ಆನೆಯ ಮೈಯ ಗೆರೆ ಪಕ್ಕದಿಂದ ನೋಡಿದ ಹಾಗೆ ಇತ್ತು. ಒಂದು ಪಕ್ಕ. ಅದರಲ್ಲಿ ಒಂದರ ಪಕ್ಕ ಒಂದು, ಎರಡು ಕಣ್ಣು ಬರೆದ. ನಿಂಬೆವ್ವ ಗಡಿಬಿಡಿಯಲ್ಲಿ ಬಟ್ಟೆಯನ್ನು ಎರಡು ಪದರು ಮಡಚಿ, ಕಾಗದ ಇಟ್ಟು ಕತ್ತರಿಸಿದಳು. ಎರಡೂ ಪದರಿಗೆ ಗುರುತು ಒತ್ತಿದಳು, ದಾರದಲ್ಲಿ ತುಂಬಿದಳು, ಎರಡು ಪಕ್ಕ ಕೂಡಿಸಿ ಹೊಲಿದಳು, ಹತ್ತಿ ತುರುಕಿದಳು. ಎತ್ತಿ ಹಿಡಿದು ನೋಡಿದರೆ ಈ ಕಡೆ ಎರಡು ಕಣ್ಣು, ಆ ಕಡೆ ಎರಡು ಕಣ್ಣು!

ಪಾರವ್ವ ಹೊಸ್ತಿಲಲ್ಲೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ ನಿಂಬೆವ್ವಾ! ನಿನ್ನ ಆನಿಗೆ ಕಣ್ಣು ಹೆಚ್ಚಾಗ್ಯಾವಲ್ಲ! ಎರಡು ತಗದು ನಿನ್ನ ಮಗನಿಗೆ ಕೊಡಬಾರದೇನು? ಅವನಿಗೆ ಬೇಕಾಗ್ಯಾವ!"

ನಿಂಬೆವ್ವ ಆನೆಯನ್ನು ಮಗನ ತಲೆಗೆ ಬಡಿದಳು. "ಬಟ್ಟಿ ಮಡಚಿ ಕತ್ತರಸ್ತೀನಿ, ದಿನಾ ನೋಡ್ತೀದಿ, ತಿಳಿಯೂದಿಲ್ಲೇನೋ? ಒಂದು ಕಡೆ ಅಷ್ಟ ಹಾಕು! ಇನ್ನೊಂದು ಕಡೆ ತಾನ ಬರ್ತೈತಿ!"

"ತಾನ ಬರ್ತೈತಿ?"

"ತಾನ ಬರ್ತೈತಿ!"

"ಮೊದಲ ಹೇಳಬಾರದೇನಬೇ?"

ಆಮೇಲೆ ಬೆಕ್ಕಿನ ಸರದಿ. ಬೆಕ್ಕಿನ ಮುಖ ಆನೆಯ ಹಾಗಲ್ಲ. ಎದುರಿನಿಂದ ನೋಡುವ ದುಂಡು ಮುಖ, ಮಡಚುವುದಿಲ್ಲ, ಒಂದೇ ತುಂಡು. ಅಡಿವೆಪ್ಪ ಒಂದು ಕಣ್ಣು ಹಾಕಿದ. ಅರ್ಧ ಮೂಗು ಹಾಕಿದ. ಒಂದು ಕಡೆಯ ಮೀಸೆ ಹಾಕಿದ. ಕೈ ಕಟ್ಟಿಕೊಂಡು ಪರದೆಯ ಮುಂದೆ ಕೂತ. ಕೂತೇ ಕೂತ. ರೊಟ್ಟಿ ಆಯಿತು ಅಂತ ಅವ್ವ ಕರೆದರೂ ಏಳಲಿಲ್ಲ.

"ಏನ್ ಮಾಡಾಕತ್ತೀಯೋ?"

"ಇನ್ನೊಂದು ಕಡೆ ತಾನ ಬರ್ತೈತಿ ಅಂದಿದ್ದೆಲ್ಲಬೇ? ಕಾಯಾಕತ್ತೀನಿ."

"ಯಪ್ಪಾ ಶಿವನೇ! ಗೊಂಬಿ ತಲ್ಯಾಗೂ ಹತ್ತಿ, ಇವನ ತಲ್ಯಾಗೂ ಹತ್ತಿ! ಗೊಂಬಿ ಬಾಯಿನಾದರೂ ಮುಚ್ಚಿಕೊಂಡ ಇರ್ತೈತಿ! ಲೇ ಮಬ್ಬಾ, ಬೆಕ್ಕಿಗೆ ಒಂದ ಕಣ್ಣೇನೋ? ಜೀವಂತ ಬೆಕ್ಕು ನೋಡಿಲ್ಲೇನೋ? ಇನ್ನ ಮ್ಯಾಲೆ ಏನು ಹಾಕಬೇಕಾದ್ರೂ ಮೊದಲ ಎದ್ದು ಹೋಗಿ ಜೀವಂತ ಇದ್ದದ್ದನ್ನ ಕಣ್ಣಾರೆ ನೋಡಿ ಬಾ. ಅದರ ಮೈಮ್ಯಾಲೆ ಏನೇನೈತಿ, ಅದನ್ನ ಹಾಕು!"

"ಏನೇನೈತಿ ಎಲ್ಲಾನೂ?"

"ಎಲ್ಲಾನೂ!"

ಮುಂದಿನದು ಬಸವ. ಅಡಿವೆಪ್ಪ ಎದ್ದು ಹೋಗಿ ಪಾರವ್ವನ ಎತ್ತಿನ ಮುಂದೆ ನಿಂತ. ಎತ್ತು ಅವನನ್ನು ನೋಡಿತು, ಅವನು ಎತ್ತನ್ನು ನೋಡಿದ. ಎರಡರಲ್ಲಿ ಬುದ್ಧಿವಂತ ಯಾರು ಅಂತ ಎತ್ತಿಗೆ ಕೂಡಲೇ ಗೊತ್ತಾಯಿತು. ಅದು ಮುಖ ತಿರುಗಿಸಿ ಮೇವು ತಿನ್ನತೊಡಗಿತು. ಇವನು ಸುತ್ತು ಹೊಡೆದು ನೋಡಿದ, ಬಗ್ಗಿ ನೋಡಿದ, ಬಾಲ ಎತ್ತಿ ನೋಡಿದ, ಮನೆಗೆ ಓಡಿಬಂದು ಎಲ್ಲಾ ಹಾಕಿದ.

ಕಾಗದ ಹೊರಗೆ ಬಂತು. ನಿಂಬೆವ್ವ ಬಿಸಿಲಿಗೆ ಹಿಡಿದು ನೋಡಿದಳು.

"ಬೆನ್ನ ಮ್ಯಾಲೆ ಇದೇನೋ?"

"ಕಾಗಿ."

"ಕಿವ್ಯಾಗ ಈ ಗುಂಡನ್ನವು? ಮಣಿ ಏನು?"

"ಉಣ್ಣಿ. ರಕ್ತ ಕುಡಿದು ಉಬ್ಬ್ಯಾವ ನೋಡಬೇ, ಹಂಗ ಹಾಕೀನಿ."

ನಿಂಬೆವ್ವ ಬೆರಳನ್ನು ಹಿಂದಕ್ಕೆ ಜಾರಿಸಿದಳು. "ಬಾಲದ ಬುಡಕ ಇದು?"

"ಸಗಣಿ." ಅಡಿವೆಪ್ಪ ಹೆಮ್ಮೆಯಿಂದ ಹೇಳಿದ. "ಹಸೀದು. ಅದಕ್ಕ ಹಸಿರು ಖಣ ಹಚ್ಚಬೇ."

ಆ ಮಾತು ಹೊರಗೆ ನಿಂತ ದಾನಮ್ಮಕ್ಕನ ಕಿವಿಗೂ ಬಿತ್ತು. ಅವಳು ಬಾಯಿಯಲ್ಲಿದ್ದ ಎಲೆಯಡಿಕೆ ಉಗಿದು ಒಳಗೆ ಬಂದಳು. "ಸಗಣಿ ಹಚ್ಚಿದ ಬಸವನ್ನ ಯಾವ ಕೂಸಿನ ಕೈಯಾಗ ಕೊಡ್ಲಿ, ನಿಂಬೆವ್ವಾ? ಊರಾಗ ಎಲ್ಲಾರೂ ನಮ್ಮ ಸಂಘ ನೋಡಿ ನಗಬೇಕೇನು? ನಾಳೆ ಮಧ್ಯಾಹ್ನ ಬರ್ತೀನಿ. ಆನಿ ಪ್ಯಾಟರ್ನು, ಜೂಲು ಗೆಜ್ಜಿ ಹಾಕಿ, ಚಂದಂಗ ಮಾಡಿ ಕಾಗದದಾಗ ಕೊಡಬೇಕು. ಇಲ್ಲಂದ್ರ ಬರೂಮುಂದ ಕೈಗಾಡಿ ತಗೊಂಡ ಬರ್ತೀನಿ. ಮಿಷಿನ್ ಆ ಕಡೆ."

'ಆ ಕಡೆ' ಅನ್ನುವಾಗ ಬೆರಳು ಪಾರವ್ವನ ಮನೆಯ ಕಡೆ ಚಾಚಿತ್ತು. ಪಾರವ್ವ ಆಗಲೇ ಪಡಸಾಲೆ ಗುಡಿಸಿ ಮಿಷಿನ್ನಿಗೆ ಜಾಗ ಮಾಡುತ್ತಿದ್ದಳು.

ಮರುದಿನ ನಿಂಬೆವ್ವ ಬೇಳೆಯನ್ನು ಒಲೆಯ ಮೇಲೆಯೇ ಬಿಟ್ಟಳು, ನೀರು ತರುವುದು ಬಿಟ್ಟಳು. ಮಗನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಒಂದು ಕೈಯಲ್ಲಿ ಸೆರಗು, ಕಣ್ಣೀರು ಒರೆಸಿಕೊಳ್ಳಲು. ಇನ್ನೊಂದು ಕೈಯಲ್ಲಿ ಮಗನ ಕಿವಿ.

"ಕಣ್ಣು ಹಾಕು. ಒಂದ. ಸಾಕು!" ಕಿವಿ ಹಿಂಡಿದಳು. ಹಾಕಿದ.

"ಬೆನ್ನ ಮ್ಯಾಲೆ ಜೂಲು. ಅಂಚಿಗೆ ಖಣದ ತೇರು ದಂಡಿ, ತೇರಿನ ಸಾಲು. ಸಣ್ಣದು! ಸಣ್ಣದೋ!" ಹಿಂಡಿದಳು. ಹಾಕಿದ.

"ಕಾಲಿಗೆ ಗೆಜ್ಜಿ. ಕಾಲಿಗೋ! ಸೊಂಡಿಲಿಗಲ್ಲ!" ಹಿಂಡಿದಳು. ಹಾಕಿದ.

"ಹಣಿ ಮ್ಯಾಲೆ ಒಂದು ಹೂವು. ಕೈ ತಗಿ. ಮುಟ್ಟಬ್ಯಾಡ!"

ಕಿವಿ ಮೆಣಸಿನಕಾಯಿಯಷ್ಟು ಕೆಂಪಾಯಿತು. ಆದರೆ ಆನೆ! ಆನೆ ಏನು ಚಂದ ಆಗಿತ್ತು ಅಂತೀರಿ! ಜೂಲು ಹಾಕಿಕೊಂಡು, ಗೆಜ್ಜೆ ಕಟ್ಟಿಕೊಂಡು, ಈಗ ಎದ್ದು ನಡೆದೇ ಬಿಡುತ್ತೇನೆ ಅನ್ನುವ ಹಾಗೆ ನಿಂತಿತ್ತು. ನಿಂಬೆವ್ವನಿಗೆ ಬಹಳ ದಿನದ ಮೇಲೆ ನಗು ಬಂತು. ಇನ್ನು ಕಾಗದಕ್ಕೆ ತೆಗೆಯುವುದಷ್ಟೇ ಬಾಕಿ.

ಅಷ್ಟರಲ್ಲಿ ಪಾರವ್ವ ಇಣುಕಿದಳು. ಪರದೆ ನೋಡಿದಳು. ನಗಲಿಲ್ಲ.

"ಎಷ್ಟ್ ಚಂದ ಆಗೇತಿ!" ಅಂದಳು. "ಎಷ್ಟ್ ಚಂದ ಆಗೇತಿ, ನಿಂಬೆವ್ವಾ! ಇಷ್ಟು ಚಂದದ ಆನಿ ನಾ ನೋಡೇ ಇಲ್ಲ!" ಮೂರು ಸಲ ನೋಡಿ, ನಿಟ್ಟುಸಿರು ಬಿಟ್ಟು ಹೋದಳು.

ನಿಂಬೆವ್ವ ತಟ್ಟನೆ ಎದ್ದು ನಿಂತಳು. ಕೂಸು ಚಂದ ಇದೆ ಅಂದವರ ದೃಷ್ಟಿ ತಾಗಿದರೆ ಕೂಸು ಹಾಲು ಕುಡಿಯುವುದಿಲ್ಲ. ಎಮ್ಮೆ ಚಂದ ಇದೆ ಅಂದವರ ದೃಷ್ಟಿ ತಾಗಿದರೆ ಎಮ್ಮೆ ಒದೆಯುತ್ತದೆ. ಆನೆಗೆ ಏನಾಗಬೇಡ? ಒಲೆಯ ಮೇಲೆ ಬಿಟ್ಟಿದ್ದ ಬೇಳೆ ಸೀಯುವ ವಾಸನೆಯೂ ಆಗಲೇ ಬಂತು. ಒಳಗೆ ಓಡುತ್ತಾ ಓಡುತ್ತಾ ಕೂಗಿದಳು:

"ಅಡಿವೆಪ್ಪಾ, ಆನಿ ಗಲ್ಲದ ಮ್ಯಾಲೆ ಒಂದು ದೃಷ್ಟಿಬೊಟ್ಟು ಇಡು! ಕರ್ರಗ! ಪಾರವ್ವನ ದೃಷ್ಟಿಗೆ ಸಣ್ಣ ಬೊಟ್ಟು ಸಾಲೂದಿಲ್ಲ! ಆಕಿ ದೃಷ್ಟಿ ಎಷ್ಟು ದೊಡ್ಡದೈತಿ, ಅಷ್ಟು ದೊಡ್ಡದು ಇಡು!"

ಅವಳು ಕಿವಿ ಬಿಟ್ಟಿದ್ದು ಅದೊಂದೇ ಗಳಿಗೆ.

ಅಡಿವೆಪ್ಪ ಯೋಚಿಸಿದ. ಯೋಚಿಸಬಾರದಿತ್ತು, ಯೋಚಿಸಿದ. ಪಾರವ್ವನ ದೃಷ್ಟಿ ಎಷ್ಟು ದೊಡ್ಡದು? ಗಲ್ಲದಷ್ಟೇ? ಛೇ, ಆಕೆ ಜೂಲನ್ನೂ ನೋಡಿದಳು. ಜೂಲಿನಷ್ಟೇ? ಗೆಜ್ಜೆಯನ್ನೂ ನೋಡಿದಳು. ಆಕೆ ಬಾಲದ ತುದಿಯಿಂದ ಸೊಂಡಿಲಿನ ತುದಿಯವರೆಗೆ ನೋಡಿದಳಲ್ಲ! ಗಲ್ಲದ ಮೇಲೆ ಬೊಟ್ಟು ಇಟ್ಟ. ಬೊಟ್ಟನ್ನು ಎಳೆದು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ಕಾಗದದ ನಾಲ್ಕೂ ಅಂಚಿಗೆ ಮುಟ್ಟುವ ತನಕ ಹಿಗ್ಗಿಸಿದ. ಆಮೇಲೆ ಬೊಟ್ಟು ಅಳಿಸಿ ಹೋದೀತು ಅಂತ, ಹಳೆಯ ಆನೆಯ ಫೈಲಿನ ಮೇಲೆಯೇ ಗಟ್ಟಿಯಾಗಿ ಸೇವ್ ಮಾಡಿ, ಕಾಗದಕ್ಕೆ ತೆಗೆದು, ಮುಚ್ಚಿಬಿಟ್ಟ.

ಪ್ರಿಂಟರು ಕುಂಯ್ ಕುಂಯ್ ಅಂತು. ಇದ್ದ ಕಪ್ಪು ಮಸಿಯನ್ನೆಲ್ಲಾ ಕಕ್ಕಿ ಸುಮ್ಮನಾಯಿತು.

ದಾನಮ್ಮಕ್ಕ ಬಂದಳು. ಹಿಂದೆ ಕೈಗಾಡಿಯೂ ಬಂತು. ನಿಂಬೆವ್ವ ಕೈ ಒರೆಸಿಕೊಂಡು ನಗುತ್ತಾ ಹೊರಗೆ ಬಂದು, "ಕೊಡೋ ಅಕ್ಕಗ!" ಅಂದಳು. ಅಡಿವೆಪ್ಪ ಕೊಟ್ಟ.

ದಾನಮ್ಮಕ್ಕ ಕಾಗದವನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಕಪ್ಪು. ಬೆರಳು ನೋಡಿಕೊಂಡಳು. ಅದೂ ಕಪ್ಪು.

"ಆನಿ ಎಲ್ಲೈತಿ?"

"ಒಳಗೈತಿ," ಅಂದ ಅಡಿವೆಪ್ಪ. "ಇನ್ನ ಯಾರ ದೃಷ್ಟಿನೂ ತಾಗೂದಿಲ್ಲ!"

"ಹಿಂದಕ ತಗಿಯೋ!" ನಿಂಬೆವ್ವ ಚೀರಿದಳು. "ಬೊಟ್ಟು ತಗಿ! ಹಳೇ ಆನಿ ತೋರಿಸು!"

"ಹಳೇದು ಎಲ್ಲೈತಿ ಯವ್ವಾ? ಬೊಟ್ಟು ಅಳಿಸಬಾರದಂತ ಅದರ ಮ್ಯಾಲೇ ಗಟ್ಟಿ ಮಾಡೀನಿ. ಮೊದಲ ಹೇಳಬಾರದೇನಬೇ?"

ದಾನಮ್ಮಕ್ಕ ಕಪ್ಪು ಬೆರಳನ್ನು ಅಡಿವೆಪ್ಪನ ಅಂಗಿಗೇ ಒರೆಸಿದಳು. "ನಿಂಬೆವ್ವಾ, ನಿನ್ನ ಕೈಗೆ ನಾ ಹೆಸರಿಡೂದಿಲ್ಲ. ನೀ ಹೊಲಿದದ್ದು ಒಂದೂ ಕೆಟ್ಟಿಲ್ಲ. ಹಡದದ್ದು ಕೆಟ್ಟೈತಿ. ಅದಕ್ಕ ನಾ ಏನು ಮಾಡ್ಲಿ?"

ಮಿಷಿನ್ನು ಎತ್ತಿದರು. ಕಂಪ್ಯೂಟರು ಎತ್ತಿದರು. ಗಾಜಿನ ಮೇಲೆ ಗೋಂದಿನ ಎರಡು ಕಲೆ ಇನ್ನೂ ಹಾಗೆಯೇ ಇದ್ದವು. ಕೈಗಾಡಿ ಗಡಗಡ ಅನ್ನುತ್ತಾ ಓಣಿ ದಾಟಿತು. ಪಾರವ್ವ ಹೊಸ್ತಿಲಿಗೆ ನೀರು ಹಾಕಿ, ಆರತಿ ತಟ್ಟೆ ಹಿಡಿದು ನಿಂತಿದ್ದಳು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ!

ನಿಂಬೆವ್ವ ಖಾಲಿ ಜಾಗದಲ್ಲಿ ಕೂತು ಹಣೆ ಬಡಿದುಕೊಂಡಳು. "ನನ್ನ ಮಿಷಿನ್ ಹೋತಲ್ಲೋ! ಎಂಥಾ ದೃಷ್ಟಿ ತಾಗಿತೋ ನನ್ನ ಮನಿಗೆ!"

ಅಡಿವೆಪ್ಪ ಅದನ್ನು ಕೇಳಿದ. ಆನೆಗೆ ಬೊಟ್ಟು ಇಟ್ಟೆ, ಆನೆ ಒಳಗೆ ಭದ್ರವಾಗಿದೆ. ಮಿಷಿನ್ನಿಗೆ ಇಡಲಿಲ್ಲ, ಮಿಷಿನ್ನು ಹೋಯಿತು. ಉಳಿದವಳು ಅವ್ವ ಒಬ್ಬಳು. ಓಡಿದ. ರೊಟ್ಟಿ ಹಂಚಿನ ತಳದ ಮಸಿಯನ್ನು ಬೊಗಸೆ ತುಂಬ ಬಳಿದುಕೊಂಡು ಬಂದ. ಅಳುತ್ತಿದ್ದ ಅವ್ವನ ಎಡಗಲ್ಲಕ್ಕೆ, ಕಣ್ಣಿನಿಂದ ಕುತ್ತಿಗೆಯವರೆಗೆ, ಪಾರವ್ವನ ದೃಷ್ಟಿ ಎಷ್ಟು ದೊಡ್ಡದೋ ಅಷ್ಟು ದೊಡ್ಡದಾಗಿ ಬಳಿದ.

ಬಳಿದು, ಅವಳ ಎದುರಿಗೆ ಕೈ ಕಟ್ಟಿಕೊಂಡು ಕೂತ.

ನಿಂಬೆವ್ವನ ಅಳು ನಿಂತಿತು. ಎದುರುಮನೆಯಿಂದ ಮಿಷಿನ್ನು ತಿರುಗುವ ಸದ್ದು ಕೇಳಿಸಿತು.

"ಲೇ," ಅಂದಳು ನಿಂಬೆವ್ವ, ಹಲ್ಲು ಕಚ್ಚಿ. "ಏನ್ ನೋಡಾಕತ್ತೀಯೋ ನನ್ನ ಮಾರಿ?"

"ಸುಮ್ಮ ಕುಂದ್ರಬೇ ಯವ್ವಾ, ಅಲುಗಾಡಬ್ಯಾಡ," ಅಂದ ಅಡಿವೆಪ್ಪ. "ಒಂದು ಕಡೆ ಹಾಕೀನಿ. ಇನ್ನೊಂದು ಕಡೆ ತಾನ ಬರ್ತೈತಿ."