ದೇವೀರಮ್ಮನ ಪಾತಿ

ಹೊಳೆಯ ದಂಡೆಯಲ್ಲಿ ಬಿಳಿಗಿರಯ್ಯ ಎಂಬ ಗುರುಗಳ ಆಶ್ರಮವಿತ್ತು. ದೇವೀರಮ್ಮ ಅಲ್ಲಿಗೆ ಬಂದು ಸೇರುವ ಹೊತ್ತಿಗೆ ಹೆತ್ತ ಎರಡು ಕೂಸುಗಳನ್ನೂ ಕಳೆದುಕೊಂಡಿದ್ದಳು.

"ಇವಳ ಕೈಗುಣವೇ ಸರಿಯಿಲ್ಲ" ಎಂದಿದ್ದರು ಅತ್ತೆಮನೆಯವರು. ಕೇಳಿ ಕೇಳಿ ಅವಳೂ ಅದನ್ನೇ ನಂಬಿದ್ದಳು.

ಆಶ್ರಮದಲ್ಲಿ ನೆಲ ಗುಡಿಸುತ್ತಿದ್ದಳು, ಪಾತ್ರೆ ಬೆಳಗುತ್ತಿದ್ದಳು. ಕರುವಿಗೆ ಹುಲ್ಲು ಹಾಕು ಎಂದರೆ ಮಾತ್ರ ಹಿಂದೆ ಸರಿಯುತ್ತಿದ್ದಳು.

ಒಂದು ದಿನ ಗುರುಗಳು ಅಡುಗೆಮನೆಯ ಹಿಂದಿನ ಖಾಲಿ ಜಾಗ ತೋರಿಸಿದರು.

"ಇಲ್ಲೊಂದಿಷ್ಟು ತರಕಾರಿ ಹಾಕು, ತಾಯಿ."

"ನನಗೆ ಗೊತ್ತಿಲ್ಲ ಬುದ್ಧಿ. ಯಾವತ್ತೂ ಒಂದು ಗಿಡ ನೆಟ್ಟವಳಲ್ಲ."

"ಗೊತ್ತಿಲ್ಲದವರೇ ಶುರು ಮಾಡೋದು" ಎಂದು ಬೀಜದ ಕುಡಿಕೆಯನ್ನು ಅವಳ ಕೈಗಿಟ್ಟರು.

ದೇವೀರಮ್ಮ ನೆಲ ಅಗೆದಳು. ಹೆಂಟೆ ಒಡೆದು, ಕಲ್ಲು ಆಯ್ದು, ಹಳೆಯ ಗೊಬ್ಬರ ಬೆರೆಸಿ ಪಾತಿ ಮಾಡಿದಳು. ಒಂದು ಸಾಲು ಬೆಂಡೆ, ಇನ್ನೊಂದು ಸಾಲು ಹುರುಳಿಕಾಯಿ ಬೀಜ ಊರಿದಳು. ಮಣ್ಣು ಕದಡದ ಹಾಗೆ ಬೆರಳ ಸಂದಿಯಿಂದ ನೀರು ಚಿಮುಕಿಸಿದಳು.

ವಾರ ಕಳೆಯಿತು. ಇನ್ನೂ ಒಂದು ವಾರ ಹೋಯಿತು. ಮಣ್ಣು ಮಣ್ಣಾಗಿಯೇ ಉಳಿಯಿತು.

ಆ ಬೆಳಿಗ್ಗೆ ಅವಳು ಸೀರೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತಳು.

"ನಾನು ಹೊರಡ್ತೀನಿ ಬುದ್ಧಿ."

"ಯಾಕೆ?"

"ಒಂದು ಬೀಜವೂ ಮೇಲೆ ಬರಲಿಲ್ಲ. ಮನೆಯಲ್ಲಿ ಹೇಳಿದ್ದು ಸುಳ್ಳಲ್ಲ. ನನ್ನ ಕೈ ತಾಗಿದ್ದು ಉಳಿಯಲ್ಲ. ಇಲ್ಲಿ ಮಕ್ಕಳು ಮರಿ ಬರ್ತಾವೆ, ದನ ಕರು ಇದಾವೆ. ನಾನಿರೋದು ಬೇಡ."

ಗುರುಗಳು ಎದ್ದು ಹೋಗಿ ಕುಡಿಕೆ ತಂದರು. ತಳದಲ್ಲಿ ಉಳಿದಿದ್ದ ಬೀಜಗಳನ್ನು ತಾವೇ ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಆಮೇಲೆ ಹೊಳೆಯಾಚೆಯ ತೋಟದಿಂದ ಆ ವರ್ಷದ ಬೀಜ ತರಿಸಿ ಅವಳ ಮುಂದೆ ಇಟ್ಟರು.

"ಇದನ್ನು ನೀನು ಕಟ್ಟು."

"ನಾನು ಮುಟ್ಟಲ್ಲ, ಬುದ್ಧಿ."

"ಹೋಗೋಳು ತಾನೇ? ಇದೊಂದು ಕಟ್ಟಿಟ್ಟು, ಏನಾಗುತ್ತೆ ನೋಡಿ ಹೋಗು."

ಅವಳು ಆ ಬೀಜಗಳನ್ನು ಇನ್ನೊಂದು ಒದ್ದೆ ಬಟ್ಟೆಯಲ್ಲಿ ಕಟ್ಟಿದಳು. ಎರಡೂ ಗಂಟುಗಳನ್ನು ಗುರುಗಳು ಒಲೆಯ ಹತ್ತಿರದ ಗೂಡಿನಲ್ಲಿಟ್ಟರು. ಬಟ್ಟೆ ಆರಿದಾಗಲೆಲ್ಲ ಅವಳೇ ನೀರು ಹನಿಸಿದಳು.

ಕೆಲವು ದಿನಗಳ ನಂತರ ಗುರುಗಳು ಅವಳನ್ನು ಕರೆದು ಮೊದಲು ತಮ್ಮ ಗಂಟು ಬಿಚ್ಚಿದರು. ಬೀಜಗಳು ಲೋಳೆಯಾಗಿ ನಾತ ಹೊಡೆಯುತ್ತಿದ್ದವು.

"ಈಗ ನಿನ್ನದು."

ದೇವೀರಮ್ಮ ಕಣ್ಣು ಮುಚ್ಚಿಕೊಂಡು ಬಿಚ್ಚಿದಳು. ಕಣ್ಣು ತೆರೆದಾಗ ಒಂದೊಂದು ಬೀಜದಿಂದಲೂ ಬೆಳ್ಳನೆಯ ಮೊಳಕೆ ಇಣುಕಿತ್ತು.

"ಆ ಕುಡಿಕೆ ಎಷ್ಟು ವರ್ಷದಿಂದ ಅಟ್ಟದ ಮೇಲಿತ್ತೋ ನನಗೇ ನೆನಪಿಲ್ಲ" ಎಂದರು ಗುರುಗಳು. "ಸತ್ತ ಬೀಜ ಕೊಟ್ಟವನು ನಾನು. ಹೊರಡೋಕೆ ಗಂಟು ಕಟ್ಟಿಕೊಂಡವಳು ನೀನು."

ಅವಳು ಅಲ್ಲೇ ಕುಸಿದು ಕೂತಳು. ಬಹಳ ಹೊತ್ತು ಅತ್ತಳು.

"ಹಾಗಾದರೆ ನನ್ನ ಕೂಸುಗಳು, ಬುದ್ಧಿ?"

ಗುರುಗಳು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಯಾಕೆ ಹೋದವು ಅಂತ ನನಗೆ ಗೊತ್ತಿಲ್ಲ ಮಗಳೇ. ನಿನ್ನ ಕೈಯಿಂದ ಅಲ್ಲ ಅನ್ನೋದು ಗೊತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಎದೆಯ ಮೇಲಿಂದ ಯಾರೋ ಬಂಡೆ ಎತ್ತಿದ ಹಾಗಿತ್ತು. ಎದ್ದು ಮೊಳಕೆಗಳನ್ನು ಅಂಗೈಯಲ್ಲಿಟ್ಟುಕೊಂಡು ಪಾತಿಯ ಕಡೆ ನಡೆದಳು. ಪಾತಿಯ ಅಂಚಿಗೆ, ಯಾರೂ ಹೇಳದೆಯೇ, ತೋಟದಿಂದಲೇ ಬಂದಿದ್ದ ಹರಿವೆ ಬೀಜವನ್ನೂ ಚೆಲ್ಲಿದಳು.

ತಿಂಗಳು ಕಳೆಯುವಷ್ಟರಲ್ಲಿ ಪಾತಿ ಹಸಿರಾಯಿತು. ಒಂದು ಮುಂಜಾನೆ ದೇವೀರಮ್ಮ ಮಣ್ಣಿನ ಕೈಯಲ್ಲೇ ಓಡಿ ಬಂದಳು.

"ಬುದ್ಧಿ, ಹರಿವೆ ಸೊಪ್ಪಿಗೆಲ್ಲ ಹುಳ ಬಿದ್ದಿದೆ! ಎಲೆ ಎಲೆಯೂ ತೂತು!"

ಗುರುಗಳು ಅವಳ ಮುಖ ನೋಡಿದರು. ಅಲ್ಲಿ ಸಿಟ್ಟಿತ್ತು, ಭಯವಿರಲಿಲ್ಲ.

"ತಿನ್ನೋಕೆ ಏನೋ ಇದೆ ಅಂತಾಯ್ತಲ್ಲ" ಎಂದರು. "ಅವು ಮುಗಿಸೋದರೊಳಗೆ ನಮಗೂ ಒಂದು ಹಿಡಿ ಕುಯ್ದು ತಾ."