ಇಂಗ್ಲಿಷ್ ಕಲಿಯದ ಯುವರಾಣಿ

"ಮಣಿಘಟ್ಟದ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳತಕ್ಕದ್ದು. ಯುವರಾಣಿ ಹೇಮಾಂಬೆಯವರಿಗೆ ಹದಿನೆಂಟು ತುಂಬಿತು. ಅರಮನೆಯಲ್ಲೇ ಕೂತು ಗಣಿತ ಕಲಿತರು, ವೀಣೆ ಕಲಿತರು, ಕತ್ತಿ ಹಿಡಿಯುವುದನ್ನೂ ಕಲಿತರು. ಇಂಗ್ಲಿಷ್ ವ್ಯಾಕರಣ ಮಾತ್ರ ತಲೆಗೆ ಹತ್ತಲಿಲ್ಲ. ಅದನ್ನು ಕಲಿಸಬಲ್ಲೆ ಅನ್ನುವವರು ಮೊದಲು ಯುವರಾಣಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಗುರುಪೀಠ, ಜತೆಗೆ ಕೇಳಿದ್ದೊಂದು ವರ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ."

ಡಂಗುರ ಹೊಡೆದು ತಿಂಗಳಾಗುವಷ್ಟರಲ್ಲಿ ಕೋಟೆ ಬಾಗಿಲಲ್ಲಿ ಜಾಗ ಸಾಲದಾಯಿತು. ಕಾಗೆಗಳು ಕೊಬ್ಬಿದವು. ಆದರೂ ಮೇಷ್ಟ್ರುಗಳು ಬರುತ್ತಲೇ ಇದ್ದರು. ಓದಿದವರಿಗೆ ತಮ್ಮ ತಲೆ ಬೇರೆಯವರದಕ್ಕಿಂತ ಗಟ್ಟಿ ಅನ್ನುವ ನಂಬಿಕೆ.

ಚಿಕ್ಕೀರನಿಗೆ ಅಂಥ ನಂಬಿಕೆ ಇರಲಿಲ್ಲ. ಅವನು ಬಂದರಿನಲ್ಲಿ ಮೂಟೆ ಹೊರುವವನು. ಹಡಗಿನವರ ಹತ್ತಿರ ಬೈಸಿಕೊಂಡು, ನಗೆಪಾಟಲಾಗಿ, ಒಂದಿಷ್ಟು ಮುರುಕಲು ಇಂಗ್ಲಿಷ್ ಕಲಿತಿದ್ದ. ಅವತ್ತು ವಿದ್ವಾನ್ ಗುಣಸಾಗರರ ಪುಸ್ತಕದ ಗಂಟು ಹೊತ್ತು ಸಭೆಗೆ ಬಂದಿದ್ದ. ಕೂಲಿ ಸಿಕ್ಕರೆ ಮೂರು ವರ್ಷದ ಮಗಳಿಗೆ ಬೆಲ್ಲ ಒಯ್ಯಬೇಕು, ಅಷ್ಟೇ ಅವನ ಯೋಚನೆ.

ಮೊದಲ ಸರದಿ ಕಡಲಾಚೆ ಓದಿ ಬಂದ ಜಯಂಧರನದು. ಯುವರಾಣಿ ಆಕಳಿಸುತ್ತಾ ಕೇಳಿದಳು. "ಅದು ಮನೆಯಲ್ಲೇ ಹುಟ್ಟುತ್ತೆ, ಯಾರೂ ಹೇಳಿಕೊಡಬೇಕಿಲ್ಲ. ಕಲಿಸೋಕೆ ಬಂದವನು ಮೊದಲು ಅದರ ಕತ್ತನ್ನೇ ಹಿಸುಕುತ್ತಾನೆ. ಏನದು?"

"ಅಜ್ಞಾನ," ಅಂದ ಜಯಂಧರ, ಮೀಸೆಯಲ್ಲೇ ನಗುತ್ತಾ. ತಲೆ ಉರುಳಿದಾಗಲೂ ಆ ನಗು ಹಾಗೇ ಇತ್ತು.

ಗುಣಸಾಗರರು ಉಪಾಯಗಾರರು. ಅದೇ ಒಗಟಿಗೆ ಉತ್ತರ ಹೇಳುವ ಮೊದಲು ಯುವರಾಣಿಯ ಹಳೆಯ ಇಂಗ್ಲಿಷ್ ಪಾಠದ ಹಾಳೆ ತರಿಸಿ, ಅದರ ಮೊದಲ ಸಾಲು ಓದಿ, ಹೊಟ್ಟೆ ಕುಲುಕುವ ಹಾಗೆ ನಕ್ಕರು. ಸಭೆಯೂ ನಕ್ಕಿತು. ಆಗ ಯುವರಾಣಿಯ ಕೈ ತಾನಾಗಿ ಮೇಲೆದ್ದು ಬಾಯಿ ಮುಚ್ಚಿಕೊಂಡದ್ದನ್ನು ಚಿಕ್ಕೀರನೊಬ್ಬ ಕಂಡ.

"ಒಗಟಿಗೆ ಉತ್ತರ ಸೋಮಾರಿತನ, ಮಗು," ಅಂದರು ಗುಣಸಾಗರರು.

ಅವರ ತಲೆ ಚಿಕ್ಕೀರನ ಕಾಲ ಹತ್ತಿರವೇ ಬಂದು ನಿಂತಿತು. ಅವನು ಗಂಟು ಇಳಿಸಿ ಮೆಲ್ಲಗೆ ಬಾಗಿಲ ಕಡೆ ಸರಿದ.

"ಎಲ್ಲಿಗೋ?" ಅಂದ ದೊರೆ ಭೀಮಭೂಪ. "ಪುಸ್ತಕ ಹೊತ್ತವನು ನೀನೇ ತಾನೆ? ನೀನೂ ಹೇಳು. ಇಲ್ಲದಿದ್ದರೆ ಗುರುಗಳ ಪಕ್ಕದಲ್ಲೇ ನಿನ್ನನ್ನೂ ಸಿಕ್ಕಿಸೋಣ, ಹೊರಲಿಕ್ಕೆ ಆಳು ಬೇಕಲ್ಲ." ಸಭೆ ಮತ್ತೆ ನಕ್ಕಿತು.

ಚಿಕ್ಕೀರನಿಗೆ ಮನೆ ನೆನಪಾಯಿತು. ಮಗಳು ಬೆಲ್ಲಕ್ಕೆ ಕಾಯುತ್ತಿರುತ್ತಾಳೆ, ಅಪ್ಪ ಯಾಕೆ ಬರಲಿಲ್ಲ ಅಂತ ತಾಯಿಯ ಜೀವ ತಿನ್ನುತ್ತಿರುತ್ತಾಳೆ ಅನ್ನಿಸಿತು. ಅಲ್ಲೇ ಅವನಿಗೆ ಹೊಳೆಯಿತು.

"ಯಾಕೆ ಅಂತ ಕೇಳೋ ಆಸೆ, ತಾಯಿ," ಅಂದ. "ನನ್ನ ಮಗಳಿಗೆ ಅದನ್ನ ಯಾರೂ ಕಲಿಸಿಲ್ಲ. ಕಲಿಸೋ ಮೇಷ್ಟ್ರು ಬಂದರೆ ಮೊದಲು ಬಾಯಿ ಮುಚ್ಚು ಅಂತಾರೆ."

ಯುವರಾಣಿ ನೆಟ್ಟಗೆ ಕೂತಳು. "ಎರಡನೆಯದು ಕೇಳು. ಒಬ್ಬನ ಬಾಯಿಂದ ಹೊರಡುತ್ತೆ, ಅದರಲ್ಲಿ ಒಂದು ಮಾತೂ ಇರಲ್ಲ. ಇನ್ನೊಬ್ಬರ ಬಾಯಿಗೆ ಬೀಗ ಹಾಕುತ್ತೆ. ಹಾಕಿದವನು ಮರೆತೇ ಬಿಟ್ಟಿರುತ್ತಾನೆ."

"ಶಾಪ ಇರಬೇಕು," ಅಂದುಬಿಟ್ಟ ದೊರೆ.

"ತಪ್ಪು ಹೇಳಿದವರ ತಲೆ ಹೋಗುತ್ತೆ ಅಪ್ಪಾ," ಅಂದಳು ಯುವರಾಣಿ, ಅತ್ತ ತಿರುಗದೆ. "ನಿಮ್ಮದನ್ನು ಆಮೇಲೆ ನೋಡೋಣ."

ಸಭೆ ಈಗ ನಗಲಿಲ್ಲ. ಚಿಕ್ಕೀರನಿಗೆ ಬಾಯಿ ಮುಚ್ಚಿಕೊಂಡ ಯುವರಾಣಿಯ ಆ ಕೈ ನೆನಪಾಯಿತು. ಹಡಗಿನವರ ಮುಂದೆ ತನ್ನ ಕೈಯೂ ಹಾಗೇ ಏಳುತ್ತಿತ್ತಲ್ಲ.

"ನಗು," ಅಂದ.

"ಎಂಟು ವರ್ಷದವಳಿದ್ದೆ," ಅಂದಳು ಯುವರಾಣಿ. "ಹಡಗಿನ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದೆ. ಮೊದಲು ನಕ್ಕವರು ಯಾರು ಅಪ್ಪಾ?"

ದೊರೆಗೆ ನೆನಪಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

"ಕೊನೆಯದು," ಅಂದಳು. "ನನ್ನ ಹತ್ತಿರವೂ ಇದೆ, ಗುರುವಿನ ಹತ್ತಿರವೂ ಇದೆ. ನನ್ನದನ್ನು ಬೀದಿಯಲ್ಲಿ ಹರಡುತ್ತಾನೆ, ತನ್ನದನ್ನು ಅಟ್ಟದಲ್ಲಿ ಬಚ್ಚಿಡುತ್ತಾನೆ. ತನ್ನದನ್ನು ಕೈಯಲ್ಲಿ ಹಿಡಿದು ತಂದವನಿಗೆ ಮಾತ್ರ ನಾನು ಶಿಷ್ಯೆ."

ಕೊಡಲಿಯವನು ಕೊಡಲಿ ಒರೆಸಿಕೊಂಡ.

"ಮಾಡಿದ ತಪ್ಪುಗಳು, ತಾಯಿ," ಅಂದ ಚಿಕ್ಕೀರ. "ನನ್ನ ಇಂಗ್ಲಿಷ್ ತುಂಬ ಅವೇ ಇವೆ. ಬಚ್ಚಿಡೋಕೆ ನಮ್ಮ ಮನೆಗೆ ಅಟ್ಟವೂ ಇಲ್ಲ."

ಯುವರಾಣಿ ಎದ್ದು ಬಂದು ಗುರುಪೀಠ ತೋರಿಸಿದಳು. "ಕೂತುಕೋ. ನಿನಗೆ ಗೊತ್ತಿಲ್ಲದ್ದನ್ನು ಇಬ್ಬರೂ ಹುಡುಕೋಣ. ವರ ಕೇಳು. ಶಾಪ ಅಂತ ತಪ್ಪು ಹೇಳಿದ ಇವರ ತಲೆ ಬೇಕಾ?"

ದೊರೆಯ ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು.

"ತಲೆ ಸಾಕು ತಾಯಿ," ಅಂದ ಚಿಕ್ಕೀರ. "ದೊರೆಗಳೂ ನಮ್ಮ ಜತೆ ಪಾಠಕ್ಕೆ ಕೂರಲಿ. ಪಾಠದಲ್ಲಿ ಯಾರೂ ನಗಬಾರದು."

"ನಕ್ಕವರ ತಲೆ ಕೋಟೆ ಬಾಗಿಲಿಗೆ," ಅಂತ ಅವಳೇ ಸೇರಿಸಿದಳು.

ಬೆಲ್ಲದ ದೊಡ್ಡ ಅಚ್ಚು ಚಿಕ್ಕೀರನ ಮನೆಗೆ ಹೋಯಿತು. ಮರುದಿನ ತುಂಬಿದ ಸಭೆಯಲ್ಲಿ ದೊರೆ ಮಣೆಯ ಮೇಲೆ ಕಾಲು ಮಡಚಿ ಕೂತು, ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟ. ತೊದಲಿದ. ಮತ್ತೆ ಮೊದಲಿಂದ ಹೇಳಿ, ಇನ್ನೂ ಕೆಡಿಸಿಕೊಂಡ. ಮಂತ್ರಿಗಳು ತುಟಿ ಕಚ್ಚಿ ರಕ್ತ ಬರಿಸಿಕೊಂಡರು. ಒಬ್ಬರೂ ನಗಲಿಲ್ಲ.

ಯುವರಾಣಿ ನಕ್ಕಳು. ಬಾಯಿಗೆ ಕೈ ಅಡ್ಡ ಇಡದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ದೊರೆಯ ಕೈ ಮೆಲ್ಲಗೆ ಎದ್ದು ಅವನ ಬಾಯಿ ಮುಚ್ಚಿತು. ಕೊಡಲಿಯವನು ಯುವರಾಣಿಯನ್ನು ನೋಡಿದ, ಆಮೇಲೆ ಗೋಡೆ ನೋಡುತ್ತಾ ನಿಂತ.

"ಮುಂದಿನ ಪಾಠ ಹೇಳು ಗುರುವೇ," ಅಂದಳು ಅವಳು, ಕಣ್ಣೊರೆಸಿಕೊಂಡು.

ಚಿಕ್ಕೀರ ತನ್ನ ಕುತ್ತಿಗೆ ಸವರಿಕೊಂಡು ಪುಸ್ತಕ ತೆರೆದ.