ದಡ ಯಾರದು?

ಎಂದೂ ಗೇಣುದ್ದ ಮೀರದ ಕಾಣೆಮೀನು ಅಂದು ಬೀಸುಬಲೆಗೆ ತೋಳುದ್ದ ಬಂದಿತ್ತು. ಮನೆಯಲ್ಲಿ ಮಗಳು ಬಾಣಂತಿ. ಅವಳ ಸಾರಿಗಾಯಿತೆಂದು ಬಲೆಯವನು ಹಿಗ್ಗಿದ.

"ಇಡೋ ಕೆಳಗೆ," ಎಂದರು ಊರಿನ ಪಟೇಲರು. "ಇದು ನನ್ನ ತೋಟದೆದುರಿನ ದಡ. ಇಲ್ಲಿಗೆ ಬಂದದ್ದೆಲ್ಲ ನನ್ನದು."

ಅದೇ ದಡದಲ್ಲಿ ತುಸು ಆಚೆ ನಾಲ್ವರು ಕೂಲಿಯಾಳುಗಳು, ಕಡಲು ತಂದೆಸೆದ ಸತ್ತ ಎಮ್ಮೆಯನ್ನು ಪಟೇಲರ ಅಪ್ಪಣೆಯಂತೆ ಹಗ್ಗ ಕಟ್ಟಿ ದೂರಕ್ಕೆ ಎಳೆಯುತ್ತಿದ್ದರು. ಮೀನು ಬಂದರೆ ಅವರ ದಡ, ಹೆಣ ಬಂದರೆ ನಮ್ಮ ದಡ, ಎಂದುಕೊಂಡ ಬಲೆಯವನು.

ಅವನು ಮೀನನ್ನು ಪಟೇಲರ ಕಾಲ ಬಳಿ ಇಟ್ಟು ಕೂಗಿದ: "ಬಿಡ್ರೋ ಹಗ್ಗ! ಅದು ಒಡೆಯರ ಎಮ್ಮೆ. ಮುಟ್ಟಿದರೆ ಕಳ್ಳತನ!"

ನಾಲ್ವರೂ ಹಗ್ಗ ಬಿಟ್ಟರು. ಗಾಳಿ ತೋಟದ ಕಡೆಗೇ ಬೀಸುತ್ತಿತ್ತು. ಪಟೇಲರು ಶಾಲಿನಿಂದ ಮೂಗು ಮುಚ್ಚಿಕೊಂಡರು.

"ಮೀನು ತಗೊಂಡು ಹೋಗು ಮಾರಾಯ. ದಡ ಎಲ್ಲರದ್ದು."

ಅವನು ಮೀನೆತ್ತಿಕೊಂಡು, ಹಗ್ಗದ ತುದಿಯನ್ನು ಪಟೇಲರತ್ತ ಚಾಚಿದ.

"ಎಲ್ಲರದ್ದಾದರೆ ಒಡೆಯಾ, ನೀವೂ ಒಂದು ಕೈ ಹಾಕಿ."